ಮೇಷ್ಟರ ಸಂಶೋಧನೆಗೆ ಸೋಲುವ ಹಕ್ಕು ಬೇಕು

ಕ್ರಿಯಾ ಸಂಶೋಧನೆಯ ವಿಷಯದಲ್ಲಿ ನಮ್ಮ ಶಿಕ್ಷಣ ವಲಯದಲ್ಲಿ ಯಾರೂ ಎದುರಾಡದ ಒಂದು ಮಾತಿದೆ. ಶಿಕ್ಷಕರು ತಮ್ಮ ತರಗತಿಯ ಸಮಸ್ಯೆಯೊಂದನ್ನು ಆರಿಸಿಕೊಂಡು, ಕಾರಣ ಹುಡುಕಿ, ಪರಿಹಾರ ಬೋಧನೆ ಮಾಡಿ, ಕೊನೆಗೊಂದು ಪರೀಕ್ಷೆ ಕೊಟ್ಟರೆ ಮಕ್ಕಳ ಕಲಿಕಾಮಟ್ಟ ಏರುತ್ತದೆ. ಆದ್ದರಿಂದ ಹೆಚ್ಚು ಶಿಕ್ಷಕರಿಂದ ಹೆಚ್ಚು ಸಂಶೋಧನೆ ಮಾಡಿಸಬೇಕು, ಚೆನ್ನಾಗಿ ಬಂದದ್ದನ್ನು ಉಳಿದ ಶಾಲೆಗಳಿಗೂ ಹಂಚಬೇಕು. ಬಿ.ಎಡ್., ಡಿ.ಎಡ್. ಓದುವಾಗಲೇ ಈ ಮಾತು ಕಿವಿಗೆ ಬಿದ್ದಿರುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ಜಿಲ್ಲೆಗೊಂದರಂತೆ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಹುಟ್ಟಿಕೊಂಡಾಗ ಅವುಗಳಿಗೆ ಒಪ್ಪಿಸಿದ ಮುಖ್ಯ ಕೆಲಸಗಳಲ್ಲಿ ಕ್ರಿಯಾ ಸಂಶೋಧನೆಯೂ ಒಂದು. ಮೈಸೂರಿನ ವಸಂತಮಹಲಿನಲ್ಲಿರುವ ಡಯಟ್‌ನಿಂದ ನಂಜನಗೂಡು, ತಿ. ನರಸೀಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೆ, ಅಲ್ಲಿಂದ ಹಳ್ಳಿಹಳ್ಳಿಯ ಕ್ಲಸ್ಟರುಗಳಿಗೆ ಈ ನಂಬಿಕೆ ಇಳಿದು ಬಂದಿದೆ.

ಶಿಕ್ಷಕರೇ ಮಾಡುವ ಸಂಶೋಧನೆಯಿಂದ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂಬುದನ್ನು ನಾನೂ ಗಟ್ಟಿಯಾಗಿ ನಂಬಿದ್ದೇನೆ. ಆದರೆ ಅದನ್ನು ಈಗ ಮಾಡಿಸುತ್ತಿರುವ ಕ್ರಮ ಆ ಫಲಕ್ಕೇ ಅಡ್ಡ ನಿಂತಿದೆ. ಫಲ ಸಿಕ್ಕಿತೆಂದು ತೋರಿಸಲು ನಾವು ಮುಂದಿಡುವ ಅಂಕಿಗಳು ಹೆಚ್ಚಿನ ಸಲ ಏನನ್ನೂ ತೋರಿಸುವುದಿಲ್ಲ. ಸೋತ ಪ್ರಯೋಗವನ್ನು ‘ಸೋತಿತು’ ಎಂದು ಬರೆದು ಸಹಿ ಹಾಕುವ ಹಕ್ಕು ಶಿಕ್ಷಕರಿಗೆ ಸಿಗುವವರೆಗೆ, ಗೆದ್ದಿತು ಎಂಬ ವರದಿಯನ್ನು ನಂಬಲು ನಮ್ಮ ಬಳಿ ಕಾರಣವಿಲ್ಲ.

ಒಂದು ವರದಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಇಂಥದೇ ಶಾಲೆಯದು ಎಂದೇನಿಲ್ಲ, ನಮೂನೆ ಹೇಗಿರುತ್ತದೆ ಎಂದು ತೋರಿಸಲು ನಾನೇ ಕಟ್ಟಿದ್ದು. ನಾಲ್ಕನೇ ತರಗತಿಯ ಕೆಲವು ಮಕ್ಕಳಿಗೆ ದಶಕ ಬಿಡಿಸಿ ಕಳೆಯುವ ಲೆಕ್ಕ ಬರುತ್ತಿಲ್ಲ. ಸಂಭಾವ್ಯ ಕಾರಣಗಳು: ಗೈರುಹಾಜರಿ, ಪೋಷಕರ ನಿರಾಸಕ್ತಿ, ಪೂರ್ವಜ್ಞಾನದ ಕೊರತೆ. ಪ್ರಾಕ್ಕಲ್ಪನೆ: ಕಡ್ಡಿ ಮತ್ತು ಕಟ್ಟುಗಳನ್ನು ಬಳಸಿ ಕಲಿಸಿದರೆ ಮಕ್ಕಳು ಕಲಿಯುತ್ತಾರೆ. ಪೂರ್ವ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದ ಎಂಟು ಮಕ್ಕಳ ಆಯ್ಕೆ. ಮೂರು ವಾರ ಚಟುವಟಿಕೆ. ಉತ್ತರ ಪರೀಕ್ಷೆಯಲ್ಲಿ ಸರಾಸರಿ ಅಂಕ ಹತ್ತಕ್ಕೆ ಎರಡರಿಂದ ಏಳಕ್ಕೆ ಏರಿಕೆ. ಪ್ರಾಕ್ಕಲ್ಪನೆ ಸಾಬೀತಾಯಿತು.

ಈ ಐದು ಅಂಕಗಳ ಏರಿಕೆ ಎಲ್ಲಿಂದ ಬಂತು? ಕಡ್ಡಿ-ಕಟ್ಟಿನಿಂದ ಎಂದು ವರದಿ ಹೇಳುತ್ತದೆ. ಆ ಮೂರು ವಾರ ತರಗತಿಯ ಮಾಮೂಲಿ ಪಾಠವೂ ನಡೆಯುತ್ತಿತ್ತು. ಎರಡು ಸಲವೂ ಒಂದೇ ಪ್ರಶ್ನೆಪತ್ರಿಕೆಯಿದ್ದರೆ, ಅಥವಾ ಅಂಕಿ ಮಾತ್ರ ಬದಲಾಗಿದ್ದರೆ, ಮಕ್ಕಳು ಪ್ರಶ್ನೆಯ ಗುರುತು ಹಿಡಿದಿರುತ್ತಾರೆ. ಮೌಲ್ಯಮಾಪನ ಮಾಡಿದ್ದು ಪ್ರಯೋಗ ಮಾಡಿದ ಶಿಕ್ಷಕರೇ. ಯಾವ ಕಪಟವೂ ಇಲ್ಲದೆ, ಅರ್ಧ ಸರಿಯಾದ ಉತ್ತರಕ್ಕೆ ಮೊದಲ ಸಲ ಸೊನ್ನೆ, ಎರಡನೇ ಸಲ ಅರ್ಧ ಅಂಕ ಬಿದ್ದಿರಬಹುದು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ, ಅದನ್ನು ನಮ್ಮ ತರಬೇತಿಗಳಲ್ಲಿ ಸಾಕಷ್ಟು ಹೇಳುವುದಿಲ್ಲ. ಒಂದು ದಿನದ ಪರೀಕ್ಷೆಯಲ್ಲಿ ಕೊನೆಗೆ ನಿಂತ ಎಂಟು ಮಕ್ಕಳೆಲ್ಲರೂ ನಿಜವಾಗಿ ಆ ಲೆಕ್ಕ ಬಾರದವರಾಗಿರುವುದಿಲ್ಲ. ಒಬ್ಬನಿಗೆ ಅಂದು ಜ್ವರ. ಇನ್ನೊಬ್ಬಳು ಹಿಂದಿನ ರಾತ್ರಿ ಮುಡುಕುತೊರೆ ಜಾತ್ರೆಯಿಂದ ಬಂದು ನಿದ್ದೆಗಣ್ಣಿನಲ್ಲಿ ಕೂತಿದ್ದಳು. ಮತ್ತೊಬ್ಬನ ಮನೆಯಲ್ಲಿ ಜಗಳ. ಮೂರು ವಾರ ಬಿಟ್ಟು, ಏನೂ ಮಾಡದೆ ಮತ್ತೆ ಪರೀಕ್ಷೆ ಕೊಟ್ಟರೂ ಈ ಗುಂಪಿನ ಸರಾಸರಿ ಏರುತ್ತದೆ, ಯಾಕೆಂದರೆ ಕೆಟ್ಟ ದಿನ ಎಲ್ಲರಿಗೂ ಎರಡನೇ ಸಲ ಬರುವುದಿಲ್ಲ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಹೆತ್ತವರ ಮತ್ತು ಮಕ್ಕಳ ಎತ್ತರವನ್ನು ಹೋಲಿಸುತ್ತ ಸರಾಸರಿಯತ್ತ ಮರಳುವ ಈ ಒಲವನ್ನು ವಿವರಿಸಿದ್ದ. ತೀರಾ ಕೆಳಗಿನವರನ್ನು ಆರಿಸಿಕೊಂಡು ಅವರ ಏರಿಕೆಯನ್ನು ಅಳೆಯುವ ಯಾವ ಅಧ್ಯಯನವೂ ಇದರಿಂದ ತಪ್ಪಿಸಿಕೊಳ್ಳಲಾರದು. ನಮ್ಮ ನಮೂನೆಯಾದರೋ ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನೇ ಆರಿಸಿ ಎನ್ನುತ್ತದೆ. ಅಂದಮೇಲೆ ಗೆಲುವು ನಮೂನೆಯೊಳಗೇ ಅಡಗಿದೆ. ಶಿಕ್ಷಕರು ಕಡ್ಡಿ ಹಿಡಿದರೂ, ಹಾಡು ಹೇಳಿದರೂ, ಸುಮ್ಮನೆ ಕೂತರೂ ಸ್ತಂಭಾಲೇಖದ ಎರಡನೇ ಕಂಬ ಎತ್ತರವಾಗಿಯೇ ನಿಲ್ಲುತ್ತದೆ.

ಅಂಕ ಏರುವುದೂ ಇಳಿಯುವುದೂ ಕಲಿಕೆಯಿಂದಲೇ ಆಗಬೇಕಿಲ್ಲ ಎಂಬುದಕ್ಕೆ ಇಡೀ ರಾಜ್ಯ ಕಂಡ ಉದಾಹರಣೆ ಇದೆ. ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಶೇ 83.89ರಷ್ಟು ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಕುಗ್ಗಿರಲಿಲ್ಲ, ಮೇಷ್ಟರುಗಳು ಕಲಿಸುವುದನ್ನು ಮರೆತಿರಲಿಲ್ಲ. ಅಳೆಯುವ ರೀತಿ ಬದಲಾಗಿತ್ತು. ರಾಜ್ಯದ ದೊಡ್ಡ ಪರೀಕ್ಷೆಯೇ ಹೀಗಾದರೆ ಎಂಟು ಮಕ್ಕಳ ಪರೀಕ್ಷೆಯ ಶೇಕಡಾವಾರಿಗೆ ಅಷ್ಟು ಗೌರವ ಕೊಡುವುದು ಸರಿಯಲ್ಲ.

ಹಾಗಾದರೆ ಶಿಕ್ಷಕರ ಸಂಶೋಧನೆಯಿಂದ ಆಗುವ ಲಾಭ ಯಾವುದು? ಅದೇ ಕಳೆಯುವ ಲೆಕ್ಕಕ್ಕೆ ಮರಳೋಣ.

52ರಿಂದ 37 ಕಳೆಯಬೇಕು, ಉತ್ತರ 15. ತಪ್ಪು ಮಾಡಿದ ಮಕ್ಕಳ ಹಾಳೆಗಳನ್ನು ಹರಡಿಕೊಂಡರೆ ಒಂದಿಬ್ಬರು 89 ಬರೆದಿರುತ್ತಾರೆ. ಅವರು ಕೂಡಿದ್ದಾರೆ, ಚಿಹ್ನೆ ನೋಡಿಲ್ಲ. ಹೆಚ್ಚಿನವರು 25 ಎಂದು ಬರೆದಿರುತ್ತಾರೆ. ಈ 25ರ ಹಿಂದೆ ಎರಡು ಬೇರೆ ಬೇರೆ ಮಕ್ಕಳಿದ್ದಾರೆ. ಒಂದು ಮಗು ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗದೆಂದು ಏಳರಿಂದಲೇ ಎರಡು ಕಳೆದು ಐದು ಬರೆದಿದೆ, ಆಮೇಲೆ ಐದರಿಂದ ಮೂರು ಕಳೆದು ಎರಡು. ಚಿಕ್ಕದರಿಂದ ದೊಡ್ಡದು ಕಳೆಯಲಾಗದು ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತನ್ನು ಅದು ಶ್ರದ್ಧೆಯಿಂದ ಪಾಲಿಸಿದೆ. ಇನ್ನೊಂದು ಮಗು ದಶಕ ಬಿಡಿಸಿ ಹನ್ನೆರಡರಿಂದ ಏಳು ಕಳೆದು ಐದು ಬರೆದಿದೆ. ದಶಕದ ಮನೆಯಲ್ಲಿ ಐದನ್ನು ನಾಲ್ಕಾಗಿಸುವುದನ್ನು ಮರೆತಿದೆ. ಉತ್ತರ ಒಂದೇ, ತಪ್ಪು ಬೇರೆ. ಮೊದಲನೆಯದಕ್ಕೆ ಸ್ಥಾನಬೆಲೆಯೇ ಕಂಡಿಲ್ಲ. ಎರಡನೆಯದಕ್ಕೆ ಎಲ್ಲ ತಿಳಿದಿದೆ, ಬರವಣಿಗೆಯಲ್ಲಿ ಒಂದು ಹೆಜ್ಜೆ ತಪ್ಪಿದೆ. ಕಡ್ಡಿ-ಕಟ್ಟು ಮೊದಲನೆಯ ಮಗುವಿಗೆ ಬೇಕೇ ಬೇಕು; ಎರಡನೆಯದನ್ನು ಮೂರು ವಾರ ಕಡ್ಡಿಯ ಮುಂದೆ ಕೂರಿಸಿದರೆ ಅದಕ್ಕೆ ಬೇಸರ ಬರುವುದು ಖಂಡಿತ.

ಪಕ್ಕದಲ್ಲಿ ಕೂತು ‘ಹೆಂಗ್ ಮಾಡ್ದೆ ಮಗಾ, ತೋರ್ಸು’ ಎಂದು ಕೇಳಿದಾಗ ಮಾತ್ರ ಈ ವ್ಯತ್ಯಾಸ ಹೊರಬೀಳುತ್ತದೆ. ಅಷ್ಟು ಕೇಳಿದ ಶಿಕ್ಷಕಿ ಮುಂದಿನ ವಾರ ಪ್ರಶ್ನೆಯನ್ನೇ ಬದಲಿಸುತ್ತಾರೆ: 37ರ ಜಾಗಕ್ಕೆ 38. ಈಗ ಮೊದಲನೆಯ ಮಗು 26 ಎಂದು ಬರೆಯುತ್ತದೆ, ಎರಡನೆಯದು 24 ಎಂದು. ಒಂದು ಅಂಕಿ ಬದಲಾದದ್ದರಿಂದ, ನಲವತ್ತು ಮಕ್ಕಳ ತರಗತಿಯಲ್ಲೂ ಯಾರಿಗೆ ಏನು ಬೇಕು ಎಂದು ಹಾಳೆ ನೋಡಿದರೆ ತಿಳಿಯುತ್ತದೆ. ನನ್ನ ಪಾಲಿಗೆ ಶಿಕ್ಷಕರ ಸಂಶೋಧನೆ ಅಂದರೆ ಇದು. ಅದಕ್ಕೆ ಪ್ರಾಕ್ಕಲ್ಪನೆಯ ಪುಟವಾಗಲಿ ಸ್ತಂಭಾಲೇಖವಾಗಲಿ ಬೇಕಿಲ್ಲ. ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪುಗಳ ಹಿಂದೆ ಹೀಗೆ ನಿಯಮಗಳಿರುತ್ತವೆ ಎಂದು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಕಂಪ್ಯೂಟರ್ ಇಟ್ಟುಕೊಂಡು ತೋರಿಸಿದ್ದರು. ಆದರೆ ನಂಜನಗೂಡಿನ ಒಂದು ಶಾಲೆಯ ಈ ಮಗುವಿನ ತಲೆಯಲ್ಲಿ ಯಾವ ನಿಯಮ ಓಡುತ್ತಿದೆ ಎಂಬುದನ್ನು ಆ ಮಗುವಿನ ಪಕ್ಕ ಕೂತವರೇ ಕಂಡುಕೊಳ್ಳಬೇಕು.

ಅದೇ ಮಗು ಶ್ರೀಕಂಠೇಶ್ವರನ ದೇವಸ್ಥಾನದ ಬೀದಿಯಲ್ಲಿ ಅಪ್ಪನ ಪಕ್ಕ ಕೂತು ರಸಬಾಳೆ ಮಾರುವಾಗ ಚಿಲ್ಲರೆ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪದಿರಬಹುದು. ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಧ್ಯಯನ ಮಾಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಆ ಮಕ್ಕಳು ವ್ಯಾಪಾರದಲ್ಲಿ ಸಲೀಸಾಗಿ ಮಾಡುವ ಲೆಕ್ಕವನ್ನು ಶಾಲೆಯ ರೂಪದಲ್ಲಿ ಕೊಟ್ಟರೆ ಮಾಡಲಾರರು, ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ತಡವರಿಸುತ್ತಾರೆ. ಈ ಎರಡು ಲೆಕ್ಕಗಳ ನಡುವೆ ದಾರಿ ಕಡಿಯುವುದು ಹೇಗೆ ಎಂಬುದು ನಂಜನಗೂಡು, ಬನ್ನೂರು, ತಲಕಾಡಿನಂಥ ಸಂತೆ-ಜಾತ್ರೆಯ ಊರುಗಳ ಶಿಕ್ಷಕರು ಕೈಗೆತ್ತಿಕೊಳ್ಳಬಹುದಾದ ಜೀವಂತ ಪ್ರಶ್ನೆ.

ಭಾಷೆಯಲ್ಲಿ ಈ ಮಾತು ಇನ್ನೂ ನಿಚ್ಚಳ. ಈ ಸೀಮೆಯ ಆಡುಮಾತಿನಲ್ಲಿ ಹಕಾರ ಉದುರುತ್ತದೆ. ಉಕ್ತಲೇಖನ ಕೊಟ್ಟರೆ ಮಗು ಹಾಲನ್ನು ‘ಆಲು’ ಎಂದೂ ಹಣ್ಣನ್ನು ‘ಅಣ್ಣು’ ಎಂದೂ ಬರೆಯುತ್ತದೆ. ಕೆಲವು ತಿಂಗಳ ನಂತರ ಅದೇ ಮಗು ಎಲೆಯನ್ನು ‘ಹೆಲೆ’ ಎಂದೂ ಆನೆಯನ್ನು ‘ಹಾನೆ’ ಎಂದೂ ಬರೆಯತೊಡಗಬಹುದು. ಕೆಂಪು ಶಾಯಿಗೆ ಎಲ್ಲವೂ ತಪ್ಪೇ, ಅಂಕ ಮೊದಲಿದ್ದಷ್ಟೇ. ಗಮನವಿಟ್ಟು ನೋಡಿದವರಿಗೆ ‘ಹೆಲೆ’ ಬರೆದ ಮಗು ಒಂದು ಮೆಟ್ಟಿಲು ಹತ್ತಿದೆ ಎಂದು ಗೊತ್ತಾಗುತ್ತದೆ; ತಾನು ನುಡಿಯದ ಒಂದು ಅಕ್ಷರ ಪುಸ್ತಕದಲ್ಲಿ ಇದೆ ಎಂದು ಅದಕ್ಕೆ ತಿಳಿದಿದೆ, ಎಲ್ಲಿ ಬರುತ್ತದೆ ಎಂಬುದಷ್ಟೇ ಇನ್ನು ತಿಳಿಯಬೇಕು. ಶೇಕಡಾವಾರಿನಲ್ಲಿ ಏರಿಕೆ ಕಾಣದ ಆ ತಿಂಗಳುಗಳಲ್ಲೇ ಕಲಿಕೆ ನಡೆದಿದೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಇದೇ ನೆಲದ ನುಡಿಯಲ್ಲಿ ‘ಕುಸುಮಬಾಲೆ’ ಬರೆದರು, ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತ್ಯದಲ್ಲಿ ತಲೆ ಎತ್ತಿ ನಿಂತ ಮಾತು ನಾಲ್ಕನೇ ತರಗತಿಯ ಉಕ್ತಲೇಖನದಲ್ಲಿ ಬರೀ ದೋಷವಾಗಿ ಎಣಿಕೆಯಾಗುತ್ತಿರುವುದು ನನಗೆ ನೋವಿನ ಸಂಗತಿ. ಹಕಾರದ ಮಾತು ಹಾಗಿರಲಿ, ಮಹಾಪ್ರಾಣಗಳನ್ನೂ ಹೆಚ್ಚಿನ ಕನ್ನಡಿಗರು ನುಡಿಯುವುದೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ವಾದಿಸಿದರು. ಅವರ ಬರಹ ಸುಧಾರಣೆಯನ್ನು ಒಪ್ಪಲಿ ಬಿಡಲಿ, ಮಗುವಿನ ತಪ್ಪಿನಲ್ಲಿ ಬಾಯಿಮಾತಿನಿಂದ ಬಂದದ್ದೆಷ್ಟು, ಅಕ್ಷರ ತಿಳಿಯದೆ ಬಂದದ್ದೆಷ್ಟು ಎಂದು ಬೇರ್ಪಡಿಸುವ ಕೆಲಸ ಪ್ರತಿ ಶಾಲೆಯಲ್ಲೂ ಬಾಕಿ ಇದೆ. ಬೆಂಗಳೂರಿನಲ್ಲಿ ಕೂತವರು ಅದನ್ನು ಮಾಡಲಾರರು. ಆ ಮಕ್ಕಳ ಮಾತನ್ನು ದಿನವೂ ಕೇಳುವವರು ಶಿಕ್ಷಕರು.

ಈಗ ಎರಡನೆಯ ನಂಬಿಕೆಗೆ ಬರೋಣ: ಚೆನ್ನಾಗಿ ಬಂದದ್ದನ್ನು ಎಲ್ಲ ಕಡೆ ಹಂಚಿದರೆ ಫಲವೂ ಎಲ್ಲ ಕಡೆ ಬರುತ್ತದೆ. ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ, ನಂಜನಗೂಡಿನ ಪಕ್ಕದ ತಾಲ್ಲೂಕಿಗೆ ಹೋದರೆ ಸಾಕು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿತು. ಯುನಿಸೆಫ್ ನೆರವಿತ್ತು. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳಲ್ಲಿ ಹಲವು ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಬಂದ ಮೇಲೆ ಪಠ್ಯವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದರು, ಕಾರ್ಡು ಬರೆದರು, ಕಲಿಕಾ ಏಣಿ ಕಟ್ಟಿದರು, ಮಕ್ಕಳ ಮುಂದಿಟ್ಟು ನೋಡಿದರು, ಹೊಂದದ್ದನ್ನು ತಿದ್ದಿದರು. ಕಾಡಂಚಿನ ತಾಲ್ಲೂಕು, ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳು, ಹಾಜರಾತಿಯ ಕಷ್ಟ. ಅವರ ಮುಂದೆ ಇದ್ದ ಪ್ರಶ್ನೆ ಅವರದೇ ಆಗಿತ್ತು. ಕರ್ನಾಟಕದಲ್ಲಿ ಶಿಕ್ಷಕರು ಮಾಡಿದ ಕ್ರಿಯಾ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಅವರು ಆ ಹೆಸರಿನಲ್ಲಿ ಅದನ್ನು ಮಾಡದಿದ್ದರೂ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಾರ್ಡುಗಳು ಬಂದವು, ಏಣಿ ಬಂತು, ಮಕ್ಕಳ ಗುಂಪು ಗುರುತಿಸುವ ಐದು ತಟ್ಟೆಗಳು ಬಂದವು, ಪ್ರಗತಿ ನೋಟ ಬಂತು. ಬಾರದೆ ಹೋದದ್ದು ಅವನ್ನು ಕಟ್ಟಿದವರ ಕೈಲಿದ್ದ ಅಧಿಕಾರ: ಈ ಕಾರ್ಡು ನನ್ನ ಮಕ್ಕಳಿಗೆ ಒಗ್ಗುತ್ತಿಲ್ಲ, ತೆಗೆಯುತ್ತೇನೆ ಎನ್ನುವ ಅಧಿಕಾರ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಅದು ಅವರ ಹುಡುಕಾಟದ ಫಲ, ತಿ. ನರಸೀಪುರದ ಹಳ್ಳಿಯ ಶಿಕ್ಷಕಿಗೆ ಅದು ಮೇಲಿನಿಂದ ಬಂದ ಪೆಟ್ಟಿಗೆ. ಕಾರ್ಡುಗಳಲ್ಲಿ ಕೊರತೆಯಿತ್ತು ಎಂದು ನಾನು ಹೇಳುತ್ತಿಲ್ಲ. ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವವರಿಗೆ ಅವು ದೊಡ್ಡ ಆಸರೆ. ಆದರೆ ನಲಿ-ಕಲಿಯ ಬಗ್ಗೆ ಇಷ್ಟು ವರ್ಷ ನಡೆದ ಚರ್ಚೆಯೆಲ್ಲ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬುದರ ಸುತ್ತಲೇ ಗಿರಕಿ ಹೊಡೆದಿದೆ. ಕಾರ್ಡು ಬರೆದ ಶಿಕ್ಷಕರಲ್ಲಿ ಆ ವರ್ಷಗಳಲ್ಲಿ ಬೆಳೆದ ನೋಟ ಎಲ್ಲಿ ಹೋಯಿತು, ಅದನ್ನು ಬೇರೆ ತಾಲ್ಲೂಕುಗಳಲ್ಲಿ ಮತ್ತೆ ಬೆಳೆಸಲು ಏನು ಮಾಡಿದೆವು ಎಂದು ಕೇಳಿದವರು ಕಡಿಮೆ. ಫಲವನ್ನು ಹಂಚಿದೆವು, ಹುಡುಕಾಟವನ್ನು ಹಂಚಲಿಲ್ಲ.

ವಿಶ್ವವಿದ್ಯಾಲಯದ ಕಡೆಯಿಂದ ಬರುವ ತಿರಸ್ಕಾರವನ್ನೂ ಇಲ್ಲೇ ಎದುರಿಸಬೇಕು. ಇಪ್ಪತ್ತು ಮಕ್ಕಳ ಮೇಲೆ ಮಾಡಿದ್ದು ಸಂಶೋಧನೆಯೇ, ಅದನ್ನು ಸಾರ್ವತ್ರಿಕವಾಗಿ ಹೇಳಲಾದೀತೇ ಎಂದು ಕೇಳುವವರಿದ್ದಾರೆ. ಕುರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆಯ ಬಗ್ಗೆ ಬರೆದಾಗ, ಸ್ಟೀಫನ್ ಕೋರಿ 1953ರಲ್ಲಿ ಅದನ್ನು ಶಾಲೆಗೆ ತಂದಾಗ, ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಶಿಕ್ಷಕರನ್ನೇ ಸಂಶೋಧಕರೆಂದು ಕರೆದಾಗ ಇಡೀ ಲೋಕಕ್ಕೆ ಅನ್ವಯಿಸುವ ಸೂತ್ರವನ್ನು ಅವರು ಶಿಕ್ಷಕರಿಂದ ಬೇಡಿರಲಿಲ್ಲ. ತನ್ನ ಮುಂದಿರುವ ಮಕ್ಕಳ ಬಗ್ಗೆ ತನ್ನ ತೀರ್ಮಾನ ಸರಿಯೇ ಎಂದು ಪರೀಕ್ಷಿಸಿಕೊಳ್ಳಲು ಇಪ್ಪತ್ತು ಮಕ್ಕಳು ಸಾಕು. ಆದರೆ ಸಣ್ಣದೆಂಬ ಕಾರಣಕ್ಕೆ ಸಡಿಲವಾಗಿರಬಾರದು. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್, ಶಿಕ್ಷಕರು ಗುಂಪಾಗಿ ಪಾಠ ಯೋಜಿಸಿ, ಒಬ್ಬರ ಪಾಠವನ್ನು ಉಳಿದವರು ಕೂತು ನೋಡಿ, ತಿದ್ದಿಕೊಳ್ಳುವ ಜಪಾನಿ ಪದ್ಧತಿಯ ಒಂದು ರೂಪವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿತು. ಮಕ್ಕಳ ಗಣಿತ, ಓದಿನ ಅಂಕಗಳಲ್ಲಿ ಸುಧಾರಣೆ ತಂದದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದು 2017ರಲ್ಲಿ ಪ್ರಕಟಿಸಿತು. ಶಿಕ್ಷಕರ ಸಂಶೋಧನೆಯನ್ನು ಪ್ರೀತಿಸುವ ನನ್ನಂಥವರಿಗೆ ಇದು ಹಿತವಾದ ಸುದ್ದಿಯಲ್ಲ. ಆದರೂ ಹಣ ಕೊಟ್ಟ ಸಂಸ್ಥೆಯೇ ಫಲ ಸಿಗಲಿಲ್ಲ ಎಂದು ಅಚ್ಚು ಹಾಕಿಸಿತಲ್ಲ, ಆ ಧೈರ್ಯ ನಮ್ಮ ಜಿಲ್ಲೆಗೂ ಬರಬೇಕು.

ನಂಜನಗೂಡು ಮತ್ತು ತಿ. ನರಸೀಪುರ ಇಂಥ ಬಿಗಿಯಾದ ಪರೀಕ್ಷೆಗೆ ಹೇಳಿ ಮಾಡಿಸಿದ ಜೋಡಿ. ಅಕ್ಕಪಕ್ಕದ ತಾಲ್ಲೂಕುಗಳು, ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಾಲೆಯ ಕೆಳಗಿನ ಭತ್ತ, ಕಬ್ಬು, ಆಡುಮಾತು, ಜಾತ್ರೆಯ ಕಾಲ ಎಲ್ಲವೂ ಹತ್ತಿರ ಹತ್ತಿರ. ಎರಡೂ ಕಡೆಯ ಸಮಾನ ಮನಸ್ಸಿನ ಕೆಲವು ಶಿಕ್ಷಕರು ಒಂದೇ ಪ್ರಶ್ನೆ ಹಿಡಿಯಲಿ. ಕಳೆಯುವ ಲೆಕ್ಕವೇ ಆಗಬಹುದು. ಜೂನ್ ಕೊನೆಯಲ್ಲಿ ಎರಡೂ ಕಡೆ ಒಂದಲ್ಲ, ವಾರದ ಅಂತರದಲ್ಲಿ ಎರಡು ಪೂರ್ವ ಪರೀಕ್ಷೆ ನಡೆಯಲಿ. ಎರಡರಲ್ಲೂ ಹಿಂದುಳಿದವರೇ ಬಹುಮಟ್ಟಿಗೆ ನಿಜವಾಗಿ ಹಿಂದುಳಿದವರು, ಜಾತ್ರೆಯ ನಿದ್ದೆಗಣ್ಣಿನಂಥವರು ಹೆಚ್ಚಿನಂಶ ಆಗಲೇ ಹೊರಗುಳಿಯುತ್ತಾರೆ. ನಂಜನಗೂಡಿನವರು ಆ ಲೆಕ್ಕ ಕಲಿಸುವ ಹೊಸ ಕ್ರಮವನ್ನು ಜುಲೈನಲ್ಲಿ ಆರಂಭಿಸಲಿ, ನರಸೀಪುರದವರು ಎಂದಿನಂತೆ ಪಾಠ ಮುಂದುವರಿಸಿ ದಸರಾ ಕಳೆದ ಮೇಲೆ ಆರಂಭಿಸಲಿ. ಸೆಪ್ಟೆಂಬರಿನಲ್ಲಿ ಎರಡೂ ಕಡೆ ಬೇರೆ ಪ್ರಶ್ನೆಗಳ ಪರೀಕ್ಷೆ. ನರಸೀಪುರದ ಮಕ್ಕಳೂ ಅಷ್ಟೇ ಏರಿದ್ದರೆ ಹೊಸ ಕ್ರಮದಿಂದ ಏನೂ ಆಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಹೆಚ್ಚು ಏರಿದ್ದು ನಂಜನಗೂಡಿನವರೇ ಆದರೆ ಆ ಏರಿಕೆಗೆ ಈಗ ಒಂದು ತೂಕ ಬಂತು. ಯಾವ ಮಗುವನ್ನೂ ವಂಚಿಸಿದಂತಾಗುವುದಿಲ್ಲ, ನರಸೀಪುರದವರ ಸರದಿ ಕೆಲವು ತಿಂಗಳಲ್ಲಿ ಬರುತ್ತದೆ. ಅಷ್ಟರಲ್ಲಿ ಮೊದಲ ಸುತ್ತಿನ ತಪ್ಪುಗಳನ್ನು ತಿದ್ದಿಕೊಂಡಿರುತ್ತಾರಾದ್ದರಿಂದ ಅವರಿಗೆ ಉತ್ತಮವಾದದ್ದೇ ಸಿಗುತ್ತದೆ.

ದಸರಾ ರಜೆಯೇ ಒಂದು ಪರೀಕ್ಷೆ. ಶಾಲೆ ಮತ್ತೆ ತೆರೆದ ಮೊದಲ ವಾರದಲ್ಲಿ, ಪುನರಾವರ್ತನೆ ಮಾಡಿಸದೆ, ಅದೇ ಕೌಶಲದ ನಾಲ್ಕು ಲೆಕ್ಕ ಕೊಟ್ಟು ನೋಡಬೇಕು. ಮೂರು ವಾರದ ಚಟುವಟಿಕೆಯ ಮಾರನೇ ದಿನ ಬಂದ ಅಂಕಕ್ಕಿಂತ ರಜೆ ಕಳೆದು ಉಳಿದ ಅಂಕ ಹೆಚ್ಚು ನಿಜ. ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿ ತಿದ್ದಬೇಕು: ನಂಜನಗೂಡಿನ ಹಾಳೆ ನರಸೀಪುರಕ್ಕೆ, ಅಲ್ಲಿಯದು ಇಲ್ಲಿಗೆ, ಯಾವುದು ಪೂರ್ವ ಯಾವುದು ಉತ್ತರ ಎಂದು ಗುರುತಿಲ್ಲದೆ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಡಯಟ್ ಇದೆ. ಎರಡೂ ತಾಲ್ಲೂಕು ಕೇಂದ್ರಗಳಿಂದ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಅಲ್ಲಿನ ಪ್ರಾಧ್ಯಾಪಕರು ಶಿಕ್ಷಕರಿಗೆ ಉಪನ್ಯಾಸ ಕೊಡುವ ಬದಲು ಈ ಹಾಳೆಗಳನ್ನು ತಿದ್ದಿಕೊಟ್ಟು, ಲೆಕ್ಕ ಹಾಕಿಕೊಟ್ಟು, ತೀರ್ಮಾನವನ್ನು ಶಿಕ್ಷಕರಿಗೇ ಬಿಟ್ಟರೆ ಅದು ದೊಡ್ಡ ನೆರವು.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಚುನಾವಣೆಯ ಕೆಲಸ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಿದರು, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಇಷ್ಟು ಹೊರೆಯ ಮೇಲೆ ಇನ್ನೊಂದು ವರದಿ ಬರೆಯಿರಿ ಎಂದರೆ ಶಿಕ್ಷಕರು ಹಳೆಯ ವರದಿಯ ಹೆಸರು ಬದಲಿಸಿ ಕೊಡುವ ಒತ್ತಡಕ್ಕೆ ಬೀಳುತ್ತಾರೆ, ಅದಕ್ಕೆ ಅವರನ್ನು ದೂರುವುದು ಅನ್ಯಾಯ. ಆದ್ದರಿಂದಲೇ ನಾನು ಹೆಚ್ಚು ಸಂಶೋಧನೆ ಬೇಡ ಎನ್ನುತ್ತೇನೆ. ಎಲ್ಲರಿಂದಲೂ ವರ್ಷಕ್ಕೊಂದು ಎಂಬ ಗುರಿಯನ್ನು ಕೈಬಿಡಬೇಕು. ಬಯಸಿ ಬಂದವರು ಮಾಡಲಿ, ತಾಲ್ಲೂಕಿಗೆ ಹತ್ತೇ ಜನ ಆಗಲಿ. ಹಾಗೆ ಮಾಡುವವರನ್ನು ಆ ವರ್ಷದ ಮಟ್ಟಿಗಾದರೂ ಹೆಚ್ಚುವರಿ ಕೆಲಸಗಳಿಂದ ಬಿಡಿಸಿ, ವರ್ಷದ ನಡುವೆ ವರ್ಗಾಯಿಸದೆ ಉಳಿಸಿಕೊಳ್ಳಲಿ. ಜುಲೈನಲ್ಲಿ ಆರಂಭಿಸಿದವರು ನವೆಂಬರಿನಲ್ಲಿ ಬೇರೆ ಶಾಲೆಯಲ್ಲಿದ್ದರೆ ಆ ಮಕ್ಕಳ ತಪ್ಪುಗಳ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುತ್ತದೆ.

ಸೋತ ಪ್ರಯೋಗಗಳಿಗೆ ಮನ್ನಣೆ ಕೊಟ್ಟರೆ ಶಿಕ್ಷಕರು ಮೈಗಳ್ಳರಾಗುತ್ತಾರೆ, ಇಲಾಖೆ ಯಾವುದನ್ನು ನೋಡಿ ಹೊಣೆ ಹೊರಿಸಬೇಕು ಎಂದು ಅಧಿಕಾರಿಗಳು ಕೇಳಬಹುದು. ಈ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಸರ್ಕಾರಿ ಶಾಲೆಗೆ ಬರುವ ಮಗುವಿಗೆ ಮನೆಪಾಠದ ಅನುಕೂಲವಿಲ್ಲ, ಮನೆಯಲ್ಲಿ ತಿದ್ದುವವರಿಲ್ಲ. ಅದರ ಒಂದು ವರ್ಷ ವ್ಯರ್ಥವಾಗಬಾರದು. ಆದರೆ ಎಂದೂ ಸೋಲದ ವರದಿಯಿಂದ ಯಾವ ಹೊಣೆಯನ್ನು ಅಳೆಯಲಾದೀತು? ದುಡಿದ ಶಿಕ್ಷಕಿಯ ವರದಿಯೂ ದುಡಿಯದವರ ವರದಿಯೂ ಅದರಲ್ಲಿ ಒಂದೇ ಥರ ಕಾಣುತ್ತವೆ. 38 ಹಾಕಿದಾಗ ಎಷ್ಟು ಮಕ್ಕಳು 26 ಬರೆದರು, ಎಷ್ಟು ಮಕ್ಕಳು 24 ಬರೆದರು, ಯಾರಿಗೆ ಏನು ಮಾಡಿದಿರಿ, ರಜೆ ಕಳೆದು ಬಂದಾಗ ಏನಾಗಿತ್ತು ಎಂದು ಕೇಳಿದರೆ ಮಕ್ಕಳ ಪಕ್ಕ ಕೂತವರು ಮಾತ್ರ ಉತ್ತರಿಸಬಲ್ಲರು. ಮೈಗಳ್ಳತನಕ್ಕೆ ಇದಕ್ಕಿಂತ ಬಿಗಿಯಾದ ತಪಾಸಣೆ ಇಲ್ಲ.

ಹೊಸ ಅನುದಾನವಾಗಲಿ ಹೊಸ ನಮೂನೆಯಾಗಲಿ ಬೇಕಿಲ್ಲ. ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆ ಸೇರುತ್ತದೆ. ಸುತ್ತೋಲೆ ಓದುವುದನ್ನು ಕೊನೆಗಿಟ್ಟು ಮೊದಲ ಒಂದು ಗಂಟೆಯನ್ನು ಉತ್ತರಪತ್ರಿಕೆಗಳಿಗೆ ಮೀಸಲಿಡಬಹುದು; ಪ್ರತಿಯೊಬ್ಬರೂ ತಮಗೆ ಅರ್ಥವಾಗದ ಮೂರು ತಪ್ಪುಗಳನ್ನು ತಂದು ಮೇಜಿನ ಮೇಲಿಡಲಿ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಸಭೆಯ ಪುಸ್ತಕದಲ್ಲಿ ಈ ತಿಂಗಳು ಏನು ಕೆಲಸ ಮಾಡಲಿಲ್ಲ ಎಂಬುದನ್ನು ಮೊದಲು ಬರೆಯಲಿ. ಬೇಕಾದ ಹಾಳೆಗಳು ಆಗಲೇ ಶಾಲೆಯಲ್ಲಿವೆ. ಪ್ರತಿ ವರ್ಷ ಶಾಲೆ ಆರಂಭವಾದೊಡನೆ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಸೇತುಬಂಧ ಕಾರ್ಯಕ್ರಮದ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ ನಡೆಯುತ್ತವೆ, ಅಂಕಗಳು ವಹಿಗೆ ಏರುತ್ತವೆ, ಕಟ್ಟು ಬೀರುವಿಗೆ ಹೋಗುತ್ತದೆ. ಬರುವ ಜುಲೈನಲ್ಲಿ ಎರಡೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು ಆ ಕಟ್ಟುಗಳನ್ನು ಬಿಚ್ಚಲು ಶಿಕ್ಷಕರಿಗೆ ಎರಡು ಶನಿವಾರ ಬಿಟ್ಟುಕೊಟ್ಟು, ಅಂಕದ ಬದಲು ತಪ್ಪುಗಳ ಪಟ್ಟಿಯನ್ನು ಕೇಳಲಿ.